ಋಣ ಒಬ್ಬರ ಹೆಸರಲ್ಲಿ, ತೀರಿಸುವವರು ಇನ್ನೊಬ್ಬರು

ಅರಕಲಗೂಡು ತಾಲ್ಲೂಕಿನ ರುದ್ರಪಟ್ಟಣ ಕಾವೇರಿ ದಡದ ಸಣ್ಣ ಊರು. ಆರ್.ಕೆ. ಶ್ರೀಕಂಠನ್, ರುದ್ರಪಟ್ಟಣಂ ಸಹೋದರರೆಂದೇ ಹೆಸರಾದ ಆರ್.ಎನ್. ತ್ಯಾಗರಾಜನ್ ಮತ್ತು ಆರ್.ಎನ್. ತಾರಾನಾಥನ್, ಆರ್.ಕೆ. ಪದ್ಮನಾಭ, ಹೀಗೆ ಕರ್ನಾಟಕ ಸಂಗೀತಕ್ಕೆ ಇಷ್ಟು ಹೆಸರುಗಳನ್ನು ಕೊಟ್ಟ ಇನ್ನೊಂದು ಹಳ್ಳಿ ನಮ್ಮ ರಾಜ್ಯದಲ್ಲಿ ಸಿಗುವುದು ಕಷ್ಟ. ತಂಬೂರಿಯ ಆಕಾರದಲ್ಲಿ ಕಟ್ಟಿದ ಸಪ್ತಸ್ವರ ದೇವತಾ ಧ್ಯಾನ ಮಂದಿರ ಇರುವುದೂ ಅಲ್ಲೇ. ಇಲ್ಲಿ ಬಹುಕಾಲದಿಂದ ನೆಲೆಸಿರುವ ಸಂಕೇತಿಗಳು ತಮ್ಮ ಮೂಲದ ಕಥೆ ಹೇಳುವಾಗ ಒಬ್ಬ ಹೆಂಗಸಿನ ಹೆಸರಿನಿಂದ ಶುರುಮಾಡುತ್ತಾರೆ. ತಮಿಳು ಸೀಮೆಯ ಸೆಂಗೋಟ್ಟೆಯಲ್ಲಿ ಪಂಡಿತರಿಂದ ನೊಂದ ವಿದುಷಿ ನಾಚಾರಮ್ಮ ಊರು ಬಿಟ್ಟು ಹೊರಟಳು, ಅವಳ ಹಿಂದೆ ನಡೆದವರೇ ಕೌಶಿಕ, ಬೆಟ್ಟದಪುರದ ಸುತ್ತ ಬಂದು ನೆಲೆ ನಿಂತರು ಎಂಬುದು ಪರಂಪರೆಯ ನಂಬಿಕೆ. ಕಥೆಯ ಐತಿಹ್ಯ ಎಷ್ಟು, ಇತಿಹಾಸ ಎಷ್ಟು ಎನ್ನುವುದು ಬೇರೆ ಮಾತು. ಹೆಣ್ಣಿನ ಹಿಂದೆ ನಡೆದು ಬಂದೆವೆಂದು ಹೇಳಿಕೊಳ್ಳುವ ಸಮುದಾಯದಲ್ಲಿ ಕೂಡ ಮುಂದೆ ವೇದ, ಗೋತ್ರ, ಮನೆಯ ಹೆಸರು, ಆಸ್ತಿ ಎಲ್ಲವೂ ತಂದೆಯಿಂದ ಮಗನಿಗೆ ಹೋದವು. ಇದು ಸಂಕೇತಿಗಳೊಬ್ಬರ ವಿಷಯವಲ್ಲ. ಹಾಸನ ಜಿಲ್ಲೆಯ ಒಕ್ಕಲಿಗರ ಮನೆಯಲ್ಲೂ ಲಿಂಗಾಯತರ ಮನೆಯಲ್ಲೂ ವಂಶ ಎಂದರೆ ಗಂಡಿನ ಗೆರೆಯೇ. ಆ ಗೆರೆ ಈಗ ತೆಳುವಾಗುತ್ತಿದೆ ಎಂಬ ಆತಂಕ ಜಾತಿ ಸಮ್ಮೇಳನಗಳ ವೇದಿಕೆಯಿಂದ ಹಿಡಿದು ಮದುವೆ ಮನೆಯ ಪಂಕ್ತಿಯವರೆಗೆ ಕೇಳಿಬರುತ್ತಿದೆ.

ಆತಂಕಕ್ಕೆ ಆಧಾರ ಇಲ್ಲದಿಲ್ಲ. 1992-93ರ ಮೊದಲ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಕರ್ನಾಟಕದ ಒಬ್ಬ ಹೆಣ್ಣುಮಗಳು ಸರಾಸರಿ 2.85 ಮಕ್ಕಳನ್ನು ಹೆರುತ್ತಿದ್ದಳು. 2019-21ರ ಐದನೆಯ ಸಮೀಕ್ಷೆಯ ಹೊತ್ತಿಗೆ ಅದು 1.7ಕ್ಕೆ ಬಂತು. ಒಂದು ತಲೆಮಾರು ತನ್ನಷ್ಟೇ ದೊಡ್ಡ ಇನ್ನೊಂದು ತಲೆಮಾರನ್ನು ಬಿಟ್ಟುಹೋಗಲು ಬೇಕಾದ್ದು 2.1. ಯೂರೋಪಿನ ಹಲವು ಶ್ರೀಮಂತ ದೇಶಗಳ ಮಟ್ಟಕ್ಕೆ ನಾವು ಅವರ ಸಿರಿತನ ಬರುವ ಮೊದಲೇ ಬಂದು ನಿಂತಿದ್ದೇವೆ. 2001ರಿಂದ 2011ರ ನಡುವೆ ಹಾಸನ ಜಿಲ್ಲೆಯ ಜನಸಂಖ್ಯೆ ಹೆಚ್ಚಿದ್ದು ನೂರಕ್ಕೆ ಮೂರರ ಆಸುಪಾಸು ಮಾತ್ರ. ಪಕ್ಕದ ಚಿಕ್ಕಮಗಳೂರಿನದು ತುಸು ಇಳಿದೇ ಇತ್ತು. ಬೆಂಗಳೂರು, ಮೈಸೂರಿಗೆ ಹೊರಟುಹೋದವರ ಪಾಲೂ ಇದರಲ್ಲಿ ದೊಡ್ಡದು, ನಿಜ. 2024ರಲ್ಲಿ ಆಂಧ್ರದ ಮುಖ್ಯಮಂತ್ರಿ ಚಂದ್ರಬಾಬು ನಾಯ್ಡು ಹೆಚ್ಚು ಮಕ್ಕಳನ್ನು ಹೆರಿ ಎಂದರು. ಅದೇ ವರ್ಷದ ಡಿಸೆಂಬರಿನಲ್ಲಿ ಆರ್‌ಎಸ್‌ಎಸ್ ಮುಖ್ಯಸ್ಥ ಮೋಹನ್ ಭಾಗವತ್ ಮೂರು ಮಕ್ಕಳ ಮಾತಾಡಿದರು. ನಮ್ಮಲ್ಲೂ ಈ ಕರೆಗೆ ಧರ್ಮದ ಉಡುಪು ತೊಡಿಸುವವರಿದ್ದಾರೆ. ಸಂತಾನ ಪಡೆಯುವುದು ಪಿತೃಋಣ ತೀರಿಸುವ ದಾರಿ, ಈಗಿನ ಹೆಣ್ಣುಮಕ್ಕಳು ಓದು, ನೌಕರಿ, ಸ್ವಂತ ಸುಖ ಅಂತ ಆ ಋಣವನ್ನು ಮರೆತಿದ್ದಾರೆ ಎನ್ನುವುದು ಅವರ ದೂರು. ದೂರನ್ನು ಅದರ ನೆಲೆಯಲ್ಲೇ, ಅಂದರೆ ಧರ್ಮದ ನೆಲೆಯಲ್ಲೇ ಪರೀಕ್ಷಿಸಬೇಕು. ಅಲ್ಲಿ ಅದು ನಿಲ್ಲುವುದಿಲ್ಲ ಎಂಬುದು ನನ್ನ ವಾದ.

ಹುಟ್ಟುವ ಬ್ರಾಹ್ಮಣ ಮೂರು ಋಣಗಳೊಂದಿಗೆ ಹುಟ್ಟುತ್ತಾನೆ, ಬ್ರಹ್ಮಚರ್ಯದಿಂದ ಋಷಿಗಳ ಋಣ, ಯಜ್ಞದಿಂದ ದೇವತೆಗಳ ಋಣ, ಸಂತಾನದಿಂದ ಪಿತೃಗಳ ಋಣ ತೀರುತ್ತದೆ ಎಂದು ತೈತ್ತಿರೀಯ ಸಂಹಿತೆ ಹೇಳುತ್ತದೆ. ಋಣದ ಕಲ್ಪನೆ ದೊಡ್ಡದು. ನಾನು ನನ್ನಿಂದಲೇ ಆದವನಲ್ಲ, ನನಗೆ ಮೊದಲೇ ಯಾರೋ ಕೊಟ್ಟಿದ್ದಾರೆ, ನಾನೂ ಮುಂದಕ್ಕೆ ಕೊಡಬೇಕು ಎಂಬ ತಿಳಿವಳಿಕೆ ಇಲ್ಲದ ಸಮಾಜ ಬಾಳಲಾರದು. ಆದರೆ ಈ ಮೂರು ಋಣಗಳ ಸಾಲಗಾರ ಯಾರು ಎಂದು ನೋಡಿದರೆ ಸಂಪ್ರದಾಯ ಕಾಣುವುದು ಗಂಡಸನ್ನು ಮಾತ್ರ. ಬ್ರಹ್ಮಚರ್ಯಕ್ಕೆ ಉಪನಯನ ಬೇಕು, ಅದು ಹುಡುಗನಿಗೆ. ಯಜ್ಞದ ಕರ್ತೃ ಅವನೇ, ಹೆಂಡತಿ ಪಕ್ಕದಲ್ಲಿರುವವಳು. ಸಂತಾನದಿಂದ ಋಣ ತೀರುವುದೂ ಅವನದೇ, ಏಕೆಂದರೆ ಮದುವೆಯಾದ ಹೆಣ್ಣು ತನ್ನ ಗೋತ್ರವನ್ನು ತೊರೆದು ಗಂಡನದನ್ನು ಪಡೆದಿದ್ದಾಳೆ. ಅವಳು ಒಂಬತ್ತು ತಿಂಗಳು ಹೊತ್ತು, ಪ್ರಾಣ ಒತ್ತೆಯಿಟ್ಟು ಹೆತ್ತ ಮಗು ಅವಳ ತಂದೆತಾಯಿಯ ಪಿತೃಗಳಿಗಲ್ಲ, ಅತ್ತೆಯ ಮನೆಯ ಪಿತೃಗಳಿಗೆ ಸಂದಾಯವಾಗುತ್ತದೆ. ಇವಳಿಗೆ ಋಣ ಮರೆತವಳು ಎಂದು ಬೈಯುವುದಕ್ಕೆ ಮೊದಲು, ಋಣಪತ್ರದಲ್ಲಿ ಇವಳ ಹೆಸರು ಎಲ್ಲಿದೆ ಎಂದು ಕೇಳಬೇಕಾಗುತ್ತದೆ.

ತಿಥಿಯ ದಿನದ ಮನೆಯನ್ನು ನೋಡಿ. ಸೊಸೆ ಬೆಳಗಿನ ಜಾವ ಎದ್ದು ತಲೆಗೆ ನೀರು ಹಾಕಿಕೊಂಡು ಮಡಿಯಲ್ಲಿ ಒಲೆ ಹಚ್ಚುತ್ತಾಳೆ. ಉದ್ದು ರುಬ್ಬಬೇಕು, ಎಳ್ಳುಂಡೆ ಕಟ್ಟಬೇಕು, ಬಾಳೆಕಾಯಿ ಹೆಚ್ಚಬೇಕು, ಪಾಯಸ ಆಗಬೇಕು, ಯಾವುದಕ್ಕೂ ಈರುಳ್ಳಿಯ ಸೋಂಕು ತಾಗಬಾರದು, ಯಾರೂ ಮುಟ್ಟಬಾರದು. ನಡುಮನೆಯಲ್ಲಿ ಗಂಡ ದರ್ಭೆ ಹಿಡಿದು ತನ್ನ ತಂದೆ, ತಾತ, ಮುತ್ತಾತನ ಹೆಸರು ಹೇಳಿ ಪಿಂಡ ಇಡುತ್ತಾನೆ. ಬ್ರಾಹ್ಮಣಾರ್ಥಕ್ಕೆ ಕೂತವರ ಊಟವಾಗಿ, ಕರ್ತೃವಿನ ಊಟವಾಗಿ, ಗಂಡಸರ ಪಂಕ್ತಿ ಎದ್ದ ಮೇಲೆ ಅವಳಿಗೆ ಎಲೆ ಬೀಳುತ್ತದೆ. ಆಗ ಮಧ್ಯಾಹ್ನ ಮೂರು ದಾಟಿರುತ್ತದೆ. ಅವಳ ಅಪ್ಪನ ತಿಥಿ ಅವಳ ಅಣ್ಣನ ಮನೆಯಲ್ಲಿ. ಅಲ್ಲಿ ದುಡಿಯುವವಳು ಅತ್ತಿಗೆ, ಅಂದರೆ ಮತ್ತೊಬ್ಬರ ಮಗಳು. ಹೀಗೆ ಊರಿನ ಹೆಂಗಸರೆಲ್ಲ ತಮ್ಮದಲ್ಲದ ಪಿತೃಗಳಿಗಾಗಿ ಒಲೆಯ ಮುಂದೆ ನಿಂತಿರುತ್ತಾರೆ. ಅವರ ಶ್ರದ್ಧೆಯನ್ನು ನಾನು ಹಗುರಾಗಿ ಕಾಣುತ್ತಿಲ್ಲ. ಆ ಶ್ರದ್ಧೆ ಇಲ್ಲದಿದ್ದರೆ ಶ್ರಾದ್ಧವೆಂಬುದೇ ಉಳಿಯುತ್ತಿರಲಿಲ್ಲ. ಅದಕ್ಕೇ ಅದರ ಫಲ ಯಾರ ಲೆಕ್ಕಕ್ಕೆ ಹೋಗುತ್ತಿದೆ ಎಂಬ ಪ್ರಶ್ನೆ ಮುಖ್ಯವಾಗುತ್ತದೆ.

ಮಕ್ಕಳನ್ನು ಹೆರುವ ಭಾರದಂತೆ ಹೆರದಿರುವ ಭಾರವೂ ಅವಳದೇ ಆಗಿದೆ. ಸಂತಾನ ನಿಯಂತ್ರಣ ನಮ್ಮ ಸೀಮೆಗೆ ಹೊಸತಲ್ಲ. 1930ರಲ್ಲೇ ಮೈಸೂರು ಸಂಸ್ಥಾನದ ಸರ್ಕಾರ ಅದಕ್ಕಾಗಿ ಚಿಕಿತ್ಸಾಲಯ ತೆರೆದಿತ್ತು. ಸರ್ಕಾರವೊಂದು ಇಂಥದ್ದನ್ನು ತೆರೆದದ್ದು ಜಗತ್ತಿನಲ್ಲೇ ಮೊದಲೆಂದು ಅದನ್ನು ಹೆಸರಿಸುತ್ತಾರೆ. ಅಲ್ಲಿಂದ ತೊಂಬತ್ತು ವರ್ಷ ಕಳೆದ ಮೇಲೆ, 2019-21ರ ಸಮೀಕ್ಷೆಯಲ್ಲಿ, ಕರ್ನಾಟಕದ 15ರಿಂದ 49 ವಯಸ್ಸಿನ ವಿವಾಹಿತ ಹೆಂಗಸರಲ್ಲಿ ನೂರಕ್ಕೆ 57 ಮಂದಿ ಆಪರೇಷನ್ ಮಾಡಿಸಿಕೊಂಡವರು. ಗಂಡಸರ ಆಪರೇಷನ್ನಿನ ಕಾಲಂನಲ್ಲಿ ಇರುವುದು ಸೊನ್ನೆ. ಗಂಡಸಿನ ಶಸ್ತ್ರಚಿಕಿತ್ಸೆ ಹೆಚ್ಚು ಸುಲಭ, ಅಪಾಯ ಕಡಿಮೆ ಎಂದು ಯಾವ ವೈದ್ಯರೂ ಹೇಳಿಯಾರು. ಆದರೂ ಎರಡನೆಯ ಬಾಣಂತನ ಮುಗಿಯುವುದರೊಳಗೆ ಆಪರೇಷನ್ ಮಾಡಿಸಿಬಿಡೋಣ ಎಂದು ಮನೆಯವರು ತೀರ್ಮಾನಿಸುವುದು ಅವಳ ಮೈಯ ಬಗ್ಗೆ. ಮನೆಕೆಲಸದ ಲೆಕ್ಕವೂ ಹೀಗೇ. 2024ರ ರಾಷ್ಟ್ರೀಯ ಸಮಯ ಬಳಕೆ ಸಮೀಕ್ಷೆಯ ಪ್ರಕಾರ ಸಂಬಳವಿಲ್ಲದ ಮನೆಗೆಲಸ ಮಾಡುವ ಹೆಂಗಸರು ಅದಕ್ಕೆ ದಿನಕ್ಕೆ 289 ನಿಮಿಷ ಕೊಡುತ್ತಾರೆ, ಮಾಡುವ ಗಂಡಸರು 88 ನಿಮಿಷ. ಗಂಡಸರಲ್ಲಿ ಮಾಡುವವರೇ ಕಡಿಮೆ ಎಂಬುದನ್ನೂ ಸೇರಿಸಿಕೊಳ್ಳಿ. ಹಾಸನದ ಗಾರ್ಮೆಂಟ್ ಕಾರ್ಖಾನೆಗೆ ಹೋಗುವ ಹೆಣ್ಣುಮಗಳು ಸಂಜೆ ಬಸ್ಸಿಳಿದು ಮನೆಗೆ ಬಂದರೆ ಅಲ್ಲಿ ಕಾದಿರುವುದು ಎರಡನೆಯ ಪಾಳಿ. ಅಂಥವಳು ಒಂದೇ ಮಗು ಸಾಕು ಎಂದರೆ ಅದನ್ನು ಸ್ವಾರ್ಥ ಎನ್ನಲು ನನಗೆ ನಾಲಿಗೆ ಏಳುವುದಿಲ್ಲ.

ಓದಿದ್ದರಿಂದಲೇ ಹೆಣ್ಣುಮಕ್ಕಳು ಹೀಗಾದರು, ಮದುವೆಗೆ ಷರತ್ತು ಹಾಕುತ್ತಾರೆ, ಹಳ್ಳಿಯ ಹುಡುಗರಿಗೆ ಹೆಣ್ಣು ಸಿಗುತ್ತಿಲ್ಲ ಎನ್ನುವ ಆಕ್ಷೇಪದಲ್ಲಿ ಅರ್ಧ ಸತ್ಯ ಇದೆ. ಚನ್ನರಾಯಪಟ್ಟಣದ ಗಡಿ ದಾಟಿದರೆ ಸಿಗುವ ನಾಗಮಂಗಲ ತಾಲ್ಲೂಕಿನ ಆದಿಚುಂಚನಗಿರಿಯಲ್ಲಿ 2022ರ ನವೆಂಬರಿನಲ್ಲಿ ಒಕ್ಕಲಿಗರ ವಧುವರರ ಸಮಾವೇಶ ನಡೆದಾಗ ಗಂಡುಗಳು ಹತ್ತು ಸಾವಿರದಷ್ಟು, ಹೆಣ್ಣುಗಳು ಕೆಲವೇ ನೂರು. ಮಾರನೆಯ ವರ್ಷದ ಫೆಬ್ರುವರಿಯಲ್ಲಿ ಮದ್ದೂರಿನ ಕಡೆಯ ಅವಿವಾಹಿತ ರೈತ ಯುವಕರು ಹೆಣ್ಣು ಸಿಗಲೆಂದು ಹರಕೆ ಹೊತ್ತು ಮಲೆ ಮಹದೇಶ್ವರ ಬೆಟ್ಟಕ್ಕೆ ಪಾದಯಾತ್ರೆ ಹೊರಟರು. ಆ ಯುವಕರ ನೋವು ಸಣ್ಣದಲ್ಲ. ಅವರು ಮಾದಪ್ಪನ ಮುಂದೆ ಇಟ್ಟ ಬೇಡಿಕೆಗೆ ಉತ್ತರ ಮಾತ್ರ ಅವರದೇ ಜಿಲ್ಲೆಯಲ್ಲಿತ್ತು. ಅದೇ 2023ರ ಕೊನೆಯಲ್ಲಿ ಬೆಂಗಳೂರಿನ ಬೈಯಪ್ಪನಹಳ್ಳಿ ಪೊಲೀಸರು ಬಯಲಿಗೆಳೆದ ಭ್ರೂಣಹತ್ಯೆ ಜಾಲದಲ್ಲಿ ಸ್ಕ್ಯಾನಿಂಗ್ ನಡೆಯುತ್ತಿದ್ದದ್ದು ಮಂಡ್ಯದ ಒಂದು ಆಲೆಮನೆಯಲ್ಲಿ. ಕಬ್ಬಿನ ಹಾಲು ಬೆಲ್ಲವಾಗಬೇಕಾದ ಜಾಗದಲ್ಲಿ ಹೆಣ್ಣೋ ಗಂಡೋ ನೋಡಿ, ಹೆಣ್ಣಾದರೆ ಬೇಡ ಎನ್ನುವ ವ್ಯವಹಾರ ನಡೆಯಿತು. ರಾಜ್ಯದಲ್ಲಿ ಆರು ವರ್ಷದೊಳಗಿನ ಸಾವಿರ ಗಂಡುಮಕ್ಕಳಿಗೆ 1991ರಲ್ಲಿ 960 ಹೆಣ್ಣುಮಕ್ಕಳಿದ್ದರು, 2001ರಲ್ಲಿ 946, 2011ರಲ್ಲಿ 948. ಆ ಇಳಿಕೆಯ ದಶಕದಲ್ಲಿ ಹುಟ್ಟದೆ ಹೋದವರು ಈಗ ಮದುವೆಯ ವಯಸ್ಸಿನಲ್ಲಿರುತ್ತಿದ್ದರು. ಉಳಿದ ಹೆಣ್ಣುಮಕ್ಕಳು ಓದಿ ಪಟ್ಟಣ ಸೇರಿದ್ದೂ ಕಾರಣವೇ. ಹೊಲದಲ್ಲಿ ದುಡಿಯುವ ಆದರೆ ಪಹಣಿಯಲ್ಲಿ ಹೆಸರಿಲ್ಲದ ಬಾಳನ್ನು ತಾಯಂದಿರು ಬಾಳಿದ್ದನ್ನು ಅವರು ಕಂಡಿದ್ದಾರೆ. ಕರ್ನಾಟಕ 1994ರಲ್ಲೇ, ಕೇಂದ್ರಕ್ಕಿಂತ ಹನ್ನೊಂದು ವರ್ಷ ಮೊದಲು, ಪಿತ್ರಾರ್ಜಿತದಲ್ಲಿ ಹೆಣ್ಣುಮಕ್ಕಳಿಗೆ ಸಮಪಾಲು ಜಾರಿಗೆ ತಂದಿತು. ಆದರೆ ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ಅಣ್ಣತಮ್ಮಂದಿರ ಪರವಾಗಿ ಹಕ್ಕು ಬಿಡುಗಡೆ ಪತ್ರಕ್ಕೆ ರುಜು ಹಾಕಿ ಅರಿಶಿನ ಕುಂಕುಮ ಪಡೆದು ಬರುವುದೇ ತವರಿನ ಪ್ರೀತಿ ಉಳಿಸಿಕೊಳ್ಳುವ ದಾರಿ ಎಂದು ಇಂದಿಗೂ ಹೇಳಿಕೊಡುತ್ತೇವೆ.

ಪುರೋಹಿತರಿಗೆ ಹೆಣ್ಣು ಸಿಗುವುದಿಲ್ಲವೆಂಬ ಕೊರಗಿಗೆ ಸರ್ಕಾರದ ಕಡೆಯಿಂದ ಬಂದ ಪರಿಹಾರವೊಂದಿದೆ. 2021ರಲ್ಲಿ ರಾಜ್ಯ ಬ್ರಾಹ್ಮಣ ಅಭಿವೃದ್ಧಿ ಮಂಡಳಿ, ಅರ್ಚಕರನ್ನೂ ಪುರೋಹಿತರನ್ನೂ ಮದುವೆಯಾಗುವ ಬಡ ಹೆಣ್ಣುಮಕ್ಕಳಿಗೆ ಮೂರು ಲಕ್ಷ ರೂಪಾಯಿಯ ಬಾಂಡ್ ಕೊಡುವ ಯೋಜನೆ ಪ್ರಕಟಿಸಿತು. ಅದಕ್ಕಿಟ್ಟ ಹೆಸರು ಮೈತ್ರೇಯಿ. ಬಡ ಅರ್ಚಕರ ಸಂಸಾರಕ್ಕೆ ನೆರವು ಬೇಕೇ ಬೇಕು, ಅದರಲ್ಲಿ ತಕರಾರಿಲ್ಲ. ಆದರೆ ಬೃಹದಾರಣ್ಯಕ ಉಪನಿಷತ್ತಿನ ಮೈತ್ರೇಯಿ ಗಂಡ ಕೊಡಹೊರಟ ಆಸ್ತಿಯನ್ನು ಬೇಡವೆಂದವಳು. ಈ ಭೂಮಿಯೆಲ್ಲ ಹಣದಿಂದ ತುಂಬಿದರೂ ನಾನು ಅಮೃತಳಾಗುವೆನೇ ಎಂದು ಕೇಳಿ, ಯಾಜ್ಞವಲ್ಕ್ಯನಿಂದ ತಿಳಿವನ್ನೇ ಪಾಲಾಗಿ ಪಡೆದವಳು. ಆ ಸಂವಾದದಲ್ಲಿ ಅವಳು ಯಾರ ತಾಯಿ ಎಂಬ ಮಾತೇ ಬರುವುದಿಲ್ಲ. ಅಲ್ಲಿ ಅವಳ ಬೆಲೆ ಅವಳ ಪ್ರಶ್ನೆಯಲ್ಲಿದೆ. ಅರ್ಚಕನ ಮನೆಗೆ ಹೆಣ್ಣು ಬರಬೇಕಾದರೆ ಆ ಮನೆಯ ವಿದ್ಯೆಯಲ್ಲಿ ಅವಳಿಗೂ ಪಾಲು ಬೇಕು ಎಂಬ ಯೋಚನೆ ಬಾಂಡ್ ಬರೆದವರಿಗೆ ಹೊಳೆದಿದ್ದರೆ ಆ ಹೆಸರಿಗೆ ಅರ್ಹತೆ ಬರುತ್ತಿತ್ತು.

ಶಾಸ್ತ್ರವನ್ನು ಕಾಲಕ್ಕೆ ತಕ್ಕಂತೆ ಬಾಗಿಸಬಾರದು ಎನ್ನುವವರ ಆಕ್ಷೇಪ ಗಂಭೀರವಾದದ್ದು. ಅವರಿಗೆ ಉತ್ತರ ಅದೇ ಉಪನಿಷತ್ತಿನ ಕೊನೆಯ ಭಾಗದಲ್ಲಿದೆ. ಪಂಡಿತೆಯಾದ, ಪೂರ್ಣಾಯುಷಿಯಾದ ಮಗಳು ಬೇಕೆನ್ನುವ ದಂಪತಿ ಎಳ್ಳು ಬೆರೆಸಿ ಬೇಯಿಸಿದ ಅನ್ನವನ್ನು ತುಪ್ಪದೊಂದಿಗೆ ಇಬ್ಬರೂ ಉಣ್ಣಬೇಕೆಂದು ಅದು ವಿಧಿಸುತ್ತದೆ. ಮಗಳನ್ನು, ಅದರಲ್ಲೂ ವಿದ್ವಾಂಸೆಯಾದ ಮಗಳನ್ನು, ಬಯಸಿ ಪಡೆಯುವುದಕ್ಕೆ ಶ್ರುತಿಯಲ್ಲೇ ವಿಧಿ ಇದೆ. ಇಲ್ಲಿ ಪಾಂಡಿತ್ಯವೆಂದರೆ ಮನೆವಾರ್ತೆಯ ತಿಳಿವಳಿಕೆ, ಏಕೆಂದರೆ ಹೆಣ್ಣಿಗೆ ವೇದಾಧಿಕಾರವಿಲ್ಲ ಎಂದು ಶಂಕರರ ಭಾಷ್ಯ ಅದನ್ನು ಕಿರಿದು ಮಾಡಿತು. ಆಚಾರ್ಯರ ಮೇಲಿನ ಗೌರವಕ್ಕೆ ಕುಂದು ಬಾರದಂತೆಯೇ ಹೇಳಬಹುದು: ಇಲ್ಲಿ ಬಾಗಿರುವುದು ಶ್ರುತಿ, ಬಾಗಿಸಿದ್ದು ಅಂದಿನ ಸಮಾಜದ ಆಚಾರ. ಬಾಗಿದ್ದನ್ನು ನೆಟ್ಟಗೆ ಮಾಡುವುದು ಶಾಸ್ತ್ರದ್ರೋಹವಾಗಲಾರದು. ಇನ್ನು ಸಂತಾನವೇ ಪರಮ ಕರ್ತವ್ಯ ಎನ್ನುವ ಮಾತನ್ನೂ ಇದೇ ಗ್ರಂಥ ಒಪ್ಪುವುದಿಲ್ಲ. ಆತ್ಮವೇ ಲೋಕವಾದ ನಮಗೆ ಮಕ್ಕಳಿಂದೇನು ಎಂದು ಹಿಂದಿನ ಜ್ಞಾನಿಗಳು ಪುತ್ರೇಷಣೆಯನ್ನು ದಾಟಿ ಭಿಕ್ಷೆಗೆ ಹೊರಟದ್ದನ್ನು ಅದು ಮೆಚ್ಚಿ ಹೇಳುತ್ತದೆ. ಶೃಂಗೇರಿಯ ಪೀಠ ಶತಮಾನಗಳಿಂದ ಉಳಿದಿರುವುದು ಗುರುವಿನಿಂದ ಶಿಷ್ಯನಿಗೆ, ಮಕ್ಕಳಿಲ್ಲದ ಪರಂಪರೆಯಾಗಿ. ಬ್ರಹ್ಮಚರ್ಯದಿಂದಲೇ ಸಂನ್ಯಾಸಕ್ಕೆ ಹೋದ ಗಂಡಿಗೆ ಪಿತೃಋಣದ ನೆನಪು ಮಾಡಿಕೊಟ್ಟು ಬೈಯುವವರಿಲ್ಲ, ಕಾಲಿಗೆ ಬೀಳುತ್ತೇವೆ. ಸಂಸಾರವನ್ನು ಬಿಟ್ಟು ಹೊರಟ ಅಕ್ಕಮಹಾದೇವಿಯನ್ನೂ ಪೂಜಿಸುತ್ತೇವೆ. ನಮ್ಮ ಮನೆಯ ಹುಡುಗಿ ಮದುವೆ ಬೇಡ, ಮಕ್ಕಳು ಬೇಡ ಎಂದರೆ ಮಾತ್ರ ಅದು ಧರ್ಮಕ್ಕೆ ಬಂದ ಆಪತ್ತಾಗುತ್ತದೆ.

ಪಿತೃಪೂಜೆಯ ಗಂಡುಗೆರೆಯನ್ನು ನಮ್ಮಷ್ಟೇ ಬಿಗಿಯಾಗಿ ಹಿಡಿದ ಇನ್ನೊಂದು ನಾಡು ದಕ್ಷಿಣ ಕೊರಿಯಾ. ಅಲ್ಲಿ ಹಿರಿಯ ಮಗ ಪಿತೃಗಳಿಗೆ ಎಡೆ ಇಡುತ್ತಾನೆ, ಅಡುಗೆ ಮಾಡುವವರು ಸೊಸೆಯಂದಿರು. ಮನೆಯ ಯಜಮಾನಿಕೆಯನ್ನು ಗಂಡಿಗೇ ಕಟ್ಟಿಟ್ಟ ಹೋಜು ಪದ್ಧತಿ 2008ರವರೆಗೆ ಕಾನೂನಾಗಿತ್ತು. 1990ರಲ್ಲಿ ಅಲ್ಲಿ ನೂರು ಹೆಣ್ಣುಶಿಶುಗಳಿಗೆ ಸುಮಾರು 116 ಗಂಡುಶಿಶುಗಳು ಹುಟ್ಟಿದವು. ಕಾರಣ ನಮ್ಮ ಆಲೆಮನೆಯದೇ. ದೇಶ ಶ್ರೀಮಂತವಾಯಿತು, ಹೆಣ್ಣುಮಕ್ಕಳು ಗಂಡುಮಕ್ಕಳಷ್ಟೇ ಓದಿದರು, ಆದರೆ ಸಂಬಳದ ಅಂತರ ಅಭಿವೃದ್ಧಿ ಹೊಂದಿದ ದೇಶಗಳಲ್ಲೇ ಅತಿ ಹೆಚ್ಚಾಗಿ ಉಳಿಯಿತು, ಮನೆಯ ದುಡಿಮೆ ಅವರ ಮೇಲೇ ಉಳಿಯಿತು. ಸರ್ಕಾರ ಹೆರಿಗೆಗೆ ಹಣ ಸುರಿಯಿತು. 2023ರಲ್ಲಿ ಅಲ್ಲಿನ ಜನನ ದರ ಒಬ್ಬ ಹೆಣ್ಣಿಗೆ 0.72ಕ್ಕೆ ಇಳಿಯಿತು. ಮನೆಯೊಳಗಿನ ನ್ಯಾಯ ಬದಲಾಗದೆ ಹೊರಗಿನಿಂದ ಬಂದ ಹಣ ಹೆಣ್ಣಿನ ಮನಸ್ಸನ್ನು ಬದಲಿಸುವುದಿಲ್ಲ ಎನ್ನುವುದಕ್ಕೆ ಇದಕ್ಕಿಂತ ದೊಡ್ಡ ಸಾಕ್ಷ್ಯ ನನಗೆ ಕಾಣುತ್ತಿಲ್ಲ. ಅದೇ 2023ರ ಮೇ ತಿಂಗಳಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ಪಿತೃಕಾರ್ಯದ ಹಕ್ಕು ಹಿರಿಯ ಮಗನಿಗೇ ಮೊದಲು ಎಂಬ ತನ್ನ ಹಳೆಯ ತೀರ್ಪನ್ನು ಬದಲಿಸಿ, ಮನೆಯವರು ಒಮ್ಮತಕ್ಕೆ ಬಾರದಿದ್ದರೆ ಗಂಡಾಗಲಿ ಹೆಣ್ಣಾಗಲಿ ಎಲ್ಲರಿಗಿಂತ ಹಿರಿಯ ಮಗುವಿಗೆ ಆ ಹಕ್ಕು ಎಂದು ಹೇಳಿತು. ತಡವಾಗಿ ಬಂದ ತೀರ್ಪು, ಆದರೆ ಸರಿಯಾದ ಜಾಗಕ್ಕೇ ಬಂದದ್ದು.

ಎಲ್ಲಕ್ಕಿಂತ ಬಲವಾದ ಆಕ್ಷೇಪ ಬೇರೆಯದು. ಸಮಾನತೆ ಬಂದರೆ ಮಕ್ಕಳು ಹೆಚ್ಚಾಗುತ್ತಾರೆಂದರೆ ಸ್ವೀಡನ್, ಫಿನ್ಲೆಂಡಿನಲ್ಲಿ ಏಕೆ ಹೆಚ್ಚಾಗಲಿಲ್ಲ? ತಂದೆಗೂ ಹೆರಿಗೆ ರಜೆ, ಊರೂರಿಗೆ ಶಿಶುವಿಹಾರ ಇರುವ ಫಿನ್ಲೆಂಡಿನಲ್ಲೂ 2023ರಲ್ಲಿ ದರ 1.26 ಇತ್ತು. ಇದನ್ನು ಒಪ್ಪಿಕೊಳ್ಳಲೇಬೇಕು. ಸಮಾನತೆಯನ್ನು ಜನನ ದರ ಏರಿಸುವ ಔಷಧಿಯೆಂದು ಮಾರುವವರ ಜೊತೆ ನಾನಿಲ್ಲ. ಹೆಣ್ಣಿಗೆ ನ್ಯಾಯ ಸಲ್ಲಬೇಕಾದದ್ದು ಅವಳು ಹೆರುತ್ತಾಳೆಂದಲ್ಲ, ಅದು ಅವಳಿಗೆ ಸಲ್ಲಬೇಕಾದದ್ದರಿಂದ. ನನ್ನ ವಾದ ಇದಕ್ಕಿಂತ ಕಿರಿದು ಮತ್ತು ಗಟ್ಟಿ: ಋಣದ ಹೆಸರಿನಲ್ಲಿ ಮಕ್ಕಳನ್ನು ಕೇಳುವ ಹಕ್ಕು, ಋಣದ ಭಾರವನ್ನೂ ಅದರ ಫಲವನ್ನೂ ಇಬ್ಬರಿಗೂ ಹಂಚಿದವರಿಗೆ ಮಾತ್ರ ಇದೆ. ಹಂಚಿದ ಮೇಲೂ ಹೆಣ್ಣುಮಕ್ಕಳು ಒಂದೇ ಮಗು ಎಂದರೆ, ಒಂದೂ ಬೇಡ ಎಂದರೆ, ಅದು ಸ್ವತಂತ್ರ ಮನುಷ್ಯರ ನಿರ್ಧಾರ, ಸಮಾಜ ಅದಕ್ಕೆ ಹೊಂದಿಕೊಳ್ಳಬೇಕು. ಹಂಚದೆ ಇರುವಾಗ ಅವರ ನಿರಾಕರಣೆಯನ್ನು ಅಧರ್ಮ ಎನ್ನಲಾಗದು. ಒಬ್ಬರ ಸಾಲಕ್ಕೆ ಇನ್ನೊಬ್ಬರನ್ನು ಜೀತಕ್ಕಿಡುವುದನ್ನು 1976ರಲ್ಲೇ ಈ ದೇಶ ಕಾನೂನು ಮಾಡಿ ನಿಷೇಧಿಸಿದೆ.

ಹಾಗಾದರೆ ಸಂಕೇತಿಗಳಂಥ ಸಣ್ಣ ಸಮುದಾಯಗಳು ಕರಗಿಹೋಗಲಿ ಎನ್ನುತ್ತೀರಾ, ಅವರ ಮಾತು, ಅವರ ವೇದಪಾಠ, ಅವರ ಸಂಗೀತ ಏನಾಗಬೇಕು ಎಂದು ಕೇಳುವವರ ಕಳವಳ ನನ್ನದೂ ಹೌದು. ಇಲ್ಲಿ ಪಾರ್ಸಿಗಳ ಲೆಕ್ಕ ನೋಡಬೇಕು. 1941ರಲ್ಲಿ ಒಂದು ಲಕ್ಷ ಹದಿನಾಲ್ಕು ಸಾವಿರ ಇದ್ದವರು 2011ರ ಜನಗಣತಿಯಲ್ಲಿ 57,264 ಆದರು. ಕೇಂದ್ರ ಸರ್ಕಾರ 2013ರಲ್ಲಿ ಜಿಯೋ ಪಾರ್ಸಿ ಎಂಬ ಯೋಜನೆಯನ್ನೇ ತಂದು ಸಂತಾನ ಚಿಕಿತ್ಸೆಗೆ ಹಣ ಕೊಟ್ಟಿತು. ಅದೇ ಸಮುದಾಯದಲ್ಲಿ ಹೊರಗೆ ಮದುವೆಯಾದ ಗಂಡಿನ ಮಕ್ಕಳು ಪಾರ್ಸಿಗಳು, ಹೊರಗೆ ಮದುವೆಯಾದ ಹೆಣ್ಣಿನ ಮಕ್ಕಳನ್ನು ಬಹುಪಾಲು ಒಳಗೆ ಸೇರಿಸುವುದಿಲ್ಲ. ಇರುವ ಮಕ್ಕಳನ್ನೇ ಹೊರಗಿಟ್ಟು ಇಲ್ಲದ ಮಕ್ಕಳಿಗೆ ಅತ್ತಂತಾಯಿತು. ನಮ್ಮ ಸಂಘಗಳೂ ಹೀಗೇ ಎಣಿಸುತ್ತವೆ. ಬೇರೆ ಕಡೆ ಮದುವೆಯಾದ ಮಗ ಸೊಸೆಯನ್ನು ತಂದವನು, ಬೇರೆ ಕಡೆ ಮದುವೆಯಾದ ಮಗಳು ಹೋದವಳು. ಆದರೆ ಸಂಕೇತಿ ಮಾತಿನ ಸಂಗತಿಯನ್ನೇ ತೆಗೆದುಕೊಳ್ಳಿ. ತಮಿಳಿನ ಬೇರಿನಿಂದ ಬಂದು ಕನ್ನಡದಲ್ಲಿ ಮಿಂದ ಈ ಮಾತನ್ನು ಶಾಲೆ ಕಲಿಸಲಿಲ್ಲ, ಕಚೇರಿ ಉಳಿಸಲಿಲ್ಲ. ಸೆಂಗೋಟ್ಟೆ ಬಿಟ್ಟು ಇಷ್ಟು ಶತಮಾನ ಅದು ಉಳಿದದ್ದು ಅಡುಗೆಮನೆಯಲ್ಲಿ, ತೊಟ್ಟಿಲ ಪಕ್ಕದಲ್ಲಿ, ತಾಯಿ ಮಗುವಿನೊಂದಿಗೆ ಆಡಿದ್ದರಿಂದ. ಬೆಂಗಳೂರಿನಲ್ಲೋ ಅಮೆರಿಕದಲ್ಲೋ ತೆಲುಗರ ಹುಡುಗನನ್ನು ಮದುವೆಯಾದ ಸಂಕೇತಿ ಹೆಣ್ಣುಮಗಳು ತನ್ನ ಮಗುವಿಗೆ ಆ ಮಾತನ್ನೇ ಆಡಿದರೆ, ರುದ್ರಪಟ್ಟಣದ ಪಾಠಾಂತರವನ್ನೇ ಕಲಿಸಿದರೆ, ಆ ಮಗುವಿನ ಹೆಸರನ್ನು ಸಮುದಾಯದ ಪಟ್ಟಿಗೆ ಸೇರಿಸಲು ಯಾವ ಶ್ರುತಿಯೂ ಅಡ್ಡ ಬರುವುದಿಲ್ಲ. ಅವಳ ತಂದೆಯ ತಿಥಿಯಂದು ಅವಳೇ ದರ್ಭೆ ಹಿಡಿದು ಕೂರುತ್ತೇನೆಂದರೆ, ಅವಳ ಗಂಡ ಆ ದಿನ ಒಲೆಯ ಮುಂದೆ ನಿಂತರೆ, ಪಿತೃಗಳು ಎಳ್ಳುನೀರನ್ನು ಬೇಡವೆನ್ನುತ್ತಾರೆಂದು ಹೇಳುವ ಧೈರ್ಯ ನನಗಿಲ್ಲ.